ಟಿಪ್ಪೂ ಸುಲ್ತಾನನ ಮರಣ: ಸಾಕ್ಷಿವಾಕ್ಯವೂ ದೇಹದ ಗಾಯಗಳೂ

ಕ್ರಿ. ಶ. 1799ನೆಯ ಇಸವಿ ಮೇ 4ನೆಯ ತಾರೀಖು ಮಧ್ಯಾಹ್ನ ಇಂಗ್ಲಿಷರ ಸೈನ್ಯವು ಶ್ರೀರಂಗಪಟ್ಟಣದ ಕೋಟೆಯನ್ನು ಹತ್ತಿತು. ಅಂದು ಸಾಯಂಕಾಲ ಕತ್ತಲೆಯಾದ ಮೇಲೆ ಒಳಗೋಟೆಯ ಉತ್ತರ ದಿಕ್ಕಿನ ಒಂದು ಬಾಗಿಲಿನ ಕಮಾನಿನ ಕೆಳಗೆ, ಹೆಣಗಳ ರಾಶಿಯ ನಡುವೆ, ಟಿಪ್ಪೂ ಸುಲ್ತಾನನ ದೇಹವು ಸಿಕ್ಕಿತು. ಇಷ್ಟರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಮಧ್ಯಾಹ್ನಕ್ಕೂ ಕತ್ತಲೆಗೂ ನಡುವೆ ಆ ಬಾಗಿಲಿನಲ್ಲಿ ನಡೆದುದೇನು, ಕೊನೆಯ ಗುಂಡನ್ನು ಹಾರಿಸಿದವನಾರು, ಸುಲ್ತಾನನು ಆಗ ಕಾದುತ್ತಿದ್ದನೋ ಹಿಮ್ಮೆಟ್ಟುತ್ತಿದ್ದನೋ ಎಂಬ ಪ್ರಶ್ನೆಗಳಿಗೆ ಚರಿತ್ರಗ್ರಂಥಗಳು ಕೊಡುವ ಉತ್ತರಗಳು ನೋಟಕ್ಕೆ ಎಷ್ಟು ಖಚಿತವಾಗಿವೆಯೋ ಪರೀಕ್ಷೆಗೆ ಅಷ್ಟು ಖಚಿತವಾಗಿ ನಿಲ್ಲುವುದಿಲ್ಲ. ಶಾಲೆಯ ಪಠ್ಯಗಳಲ್ಲಿಯೂ ನಾಟಕಗಳಲ್ಲಿಯೂ ಲಾವಣಿಗಳಲ್ಲಿಯೂ ಈ ಪ್ರಸಂಗವು ಬಂದುಹೋಗುವುದರಿಂದ, ಅದರ ಮೂಲಪ್ರಮಾಣಗಳು ಯಾವುವೆಂಬುದನ್ನು ಒಮ್ಮೆ ಬಿಡಿಸಿ ನೋಡುವುದು ಅನುಚಿತವಾಗಲಾರದು.

ಪ್ರಮಾಣಗಳು ಮುಖ್ಯವಾಗಿ ಮೂರು. ಸುಲ್ತಾನನ ಪರಿಚಾರಕನಾದ ರಾಜಾಖಾನನ ಹೇಳಿಕೆ ಮೊದಲನೆಯದು. ಇದನ್ನು ಇಂಗ್ಲಿಷರ ಸೈನ್ಯದಲ್ಲಿ ಮೋಜಣಿಯ ಅಧಿಕಾರಿಯಾಗಿದ್ದ ಬೀಟ್ಸನ್ನನು 1800ರಲ್ಲಿ ಪ್ರಕಟಿಸಿದ ತನ್ನ ಯುದ್ಧವೃತ್ತಾಂತದಲ್ಲಿ ಸೇರಿಸಿದನು. ದೇಹವನ್ನು ಹುಡುಕಿದವರಲ್ಲೊಬ್ಬನಾದ ಮೇಜರ್ ಅಲೆನ್ನನು ಕಂಡದ್ದನ್ನು ಬರೆದಿಟ್ಟ ವರದಿ ಎರಡನೆಯದು. ಮೀರ್ ಹುಸೇನ್ ಅಲೀಖಾನ್ ಕಿರ್ಮಾನಿಯು ಘಟನೆ ನಡೆದು ಮೂರು ವರ್ಷಗಳಾದ ಮೇಲೆ ಪಾರಸಿಯಲ್ಲಿ ಮುಗಿಸಿದ ‘ನಿಶಾನ್-ಇ-ಹೈದರಿ’ ಎಂಬ ಇತಿಹಾಸವು ಮೂರನೆಯದು. ತರುವಾಯ ಬಂದ ಗ್ರಂಥಗಳಲ್ಲಿ ಬಹುಭಾಗವು ಇವುಗಳನ್ನೇ ಕೂಡಿಸಿ ಕಳೆದು ಹೇಳಿರುವುದು.

ರಾಜಾಖಾನನ ಹೇಳಿಕೆಯ ಸಾರವಿದು. ಸುಲ್ತಾನನು ಊಟಕ್ಕೆ ಕುಳಿತಿದ್ದಾಗ ಕೋಟೆಯ ಒಡಕಿನ ಬಳಿ ಸಯ್ಯದ್ ಗಫಾರನು ಮಡಿದ ಸುದ್ದಿ ಬಂದಿತು. ಕೂಡಲೇ ಎದ್ದು ಉತ್ತರದ ಕೊತ್ತಳದ ಮೇಲಕ್ಕೆ ಹೋಗಿ, ಸೇವಕರು ತುಂಬಿಕೊಟ್ಟ ಬಂದೂಕುಗಳಿಂದ ಸಾಮಾನ್ಯ ಸಿಪಾಯಿಯಂತೆ ತಾನೇ ಹಲವು ಸಲ ಗುಂಡು ಹಾರಿಸಿದನು. ತನ್ನ ಜನರು ಹಿಂಜರಿಯಲು, ಹಳೆಯ ಗಾಯದಿಂದ ಕಾಲು ನೋಯುತ್ತಿದ್ದುದರಿಂದ ಕುದುರೆಯನ್ನೇರಿ ಒಳಗೋಟೆಯ ಬಾಗಿಲಿಗೆ ಬಂದನು. ಅಲ್ಲಿ ಬಲಪಕ್ಕೆಯಲ್ಲಿ ಎದೆಯ ಮಟ್ಟಕ್ಕೆ ಒಂದು ಗುಂಡು ತಗುಲಿತು. ಕಮಾನಿನ ನಡುವೆ ಹೋಗುವಷ್ಟರಲ್ಲಿ ಒಳಗಿನಿಂದ ಹಾರಿಸಿದ ಗುಂಡಿನಿಂದ ಅದರ ಮಗ್ಗುಲಲ್ಲಿಯೇ ಇನ್ನೊಂದು ಗಾಯವಾಯಿತು, ಕುದುರೆ ಕುಸಿಯಿತು, ಮುಂಡಾಸು ನೆಲಕ್ಕೆ ಬಿದ್ದಿತು. ರಾಜಾಖಾನನು ಒಡೆಯನನ್ನು ಪಲ್ಲಕ್ಕಿಯಲ್ಲಿ ಒರಗಿಸಿ, ತಾನಾರೆಂಬುದನ್ನು ಇಂಗ್ಲಿಷರ ಅಧಿಕಾರಿಗಳಿಗೆ ತಿಳಿಸುವಂತೆ ಬೇಡಿಕೊಂಡನು. ಸುಲ್ತಾನನು ಗದರಿಸಿ ಸುಮ್ಮನಿರಿಸಿದನು. ಸ್ವಲ್ಪ ಹೊತ್ತಿನಲ್ಲಿ ಒಬ್ಬ ಐರೋಪ್ಯ ಸೈನಿಕನು ಬಂದು ಬೆಲೆಬಾಳುವ ಕತ್ತಿಪಟ್ಟಿಗೆ ಕೈಹಾಕಲು, ಸುಲ್ತಾನನು ಉಳಿದ ಶಕ್ತಿಯನ್ನೆಲ್ಲ ಕೂಡಿಸಿ ಕತ್ತಿಯಿಂದ ಅವನ ಮೊಣಕಾಲಿನ ಬಳಿ ಹೊಡೆದನು; ಸೈನಿಕನು ಬಂದೂಕನ್ನೆತ್ತಿ ಕಣತಲೆಗೆ ಹಾರಿಸಿದನು; ಆ ಕ್ಷಣವೇ ಪ್ರಾಣವು ಹೋಯಿತು.

ಈ ಕಥನವು ಎಷ್ಟು ಜೀವಂತವಾಗಿದೆಯೆಂದರೆ ಓದಿದವನಿಗೆ ಸಂದೇಹವೇ ಹುಟ್ಟುವುದಿಲ್ಲ. ಆದರೂ ಇದು ರಾಜಾಖಾನನು ತನ್ನ ಭಾಷೆಯಲ್ಲಿ ಬರೆದುದಲ್ಲ. ಗಾಯಗೊಂಡು ಶತ್ರುವಿನ ಕೈಗೆ ಸಿಕ್ಕವನೊಬ್ಬನು ಹೇಳಿದುದನ್ನು ಶತ್ರುಪಕ್ಷದವನು ಇಂಗ್ಲಿಷಿಗೆ ತಂದು ಬರೆದುದು. ಒಂದು ಸಣ್ಣ ಅಂಶವು ಇದನ್ನು ಬಯಲುಮಾಡುತ್ತದೆ. ಒಳಗಿನಿಂದ ಗುಂಡು ಹಾರಿಸಿದವರು 12ನೆಯ ರೆಜಿಮೆಂಟಿನ ಲಘುಪದಾತಿಗಳೆಂದು ವೃತ್ತಾಂತವು ಹೇಳುತ್ತದೆ. ಹೊಗೆ ಕವಿದ ಕಮಾನಿನ ಕೆಳಗೆ ಒಡೆಯನನ್ನು ಕುದುರೆಯಿಂದ ಬಿಡಿಸಿಕೊಳ್ಳುತ್ತಿದ್ದ ಮೈಸೂರಿನ ಪರಿಚಾರಕನು ಎದುರಾಳಿಗಳ ರೆಜಿಮೆಂಟಿನ ಸಂಖ್ಯೆಯನ್ನು ಓದಿಕೊಂಡನೆಂದು ನಂಬುವುದು ಕಷ್ಟ. ಅದು ಬೀಟ್ಸನ್ನನಿಗೆ ಸೈನ್ಯದ ಇತರ ವರದಿಗಳಿಂದ ತಿಳಿದ ಸಂಗತಿಯಾಗಿರಬೇಕು. ಅವನು ಅದನ್ನು ಸೇವಕನ ನೆನಪಿನೊಳಕ್ಕೆ ಸೇರಿಸಿದನು. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಒಂದು ಎಳೆಯು ಹೊರಗಿನಿಂದ ಬಂದುದೆಂದಾದ ಮೇಲೆ, ಉಳಿದ ಎಳೆಗಳಲ್ಲಿ ಯಾವುವು ಸೇವಕನವು, ಯಾವುವು ಲೇಖಕನವು ಎಂಬುದನ್ನು ಆ ನೇಯ್ಗೆಯನ್ನೇ ನೋಡಿ ಹೇಳಲಾಗುವುದಿಲ್ಲ.

ಆದುದರಿಂದ ಹೊರಗಿನ ಒಂದು ಅಳತೆಗೋಲು ಬೇಕು. ಅದು ದೇಹವೇ. ಅರಮನೆಯಲ್ಲಿ ರಾಜಕುಮಾರರನ್ನು ವಶಕ್ಕೆ ತೆಗೆದುಕೊಂಡ ಮೇಲೆ, ಸುಲ್ತಾನನು ಉತ್ತರದ ಬಾಗಿಲಿನಲ್ಲಿ ಗಾಯಗೊಂಡು ಬಿದ್ದಿರುವನೆಂದು ಕಿಲ್ಲೇದಾರನು ತಿಳಿಸಿದನು. ಜನರಲ್ ಬೇರ್ಡನೂ ಅಲೆನ್ನನೂ ದೀಪಗಳನ್ನು ತರಿಸಿಕೊಂಡು ಅಲ್ಲಿಗೆ ಹೋದರು. ಹೆಣಗಳು ಒಂದರ ಮೇಲೊಂದು ಬಿದ್ದಿದ್ದುವು. ಕತ್ತಲೆಯಲ್ಲಿ ಒಬ್ಬರಿಂದೊಬ್ಬರನ್ನು ಗುರುತಿಸುವುದೇ ಕಷ್ಟವಾಯಿತು. ಪಲ್ಲಕ್ಕಿಯ ಕೆಳಗೆ ರಾಜಾಖಾನನು ಗಾಯಗೊಂಡು ಬಿದ್ದಿದ್ದನು. ಒಡೆಯನು ಬಿದ್ದ ಸ್ಥಳವನ್ನು ಅವನೇ ತೋರಿಸಿದನು. ದೇಹವನ್ನು ಹೊರಕ್ಕೆ ತಂದಾಗ ಕಣ್ಣುಗಳು ತೆರೆದಿದ್ದುವು. ಮೈ ಎಷ್ಟು ಬಿಸಿಯಾಗಿತ್ತೆಂದರೆ, ಅಲೆನ್ನನಿಗೂ ಅಲ್ಲಿದ್ದ ಕರ್ನಲ್ ವೆಲ್ಲೆಸ್ಲಿಗೂ ಜೀವವಿದೆಯೋ ಎಂದು ಸಂಶಯವಾಗಿ, ನಾಡಿಯನ್ನೂ ಎದೆಯನ್ನೂ ಮುಟ್ಟಿ ನೋಡಬೇಕಾಯಿತು. ಗಾಯಗಳು ನಾಲ್ಕು: ಮೈಯಲ್ಲಿ ಮೂರು, ಕಣತಲೆಯಲ್ಲಿ ಒಂದು. ಕಣತಲೆಯ ಗುಂಡು ಬಲಗಿವಿಯ ಸ್ವಲ್ಪ ಮೇಲೆ ಹೊಕ್ಕು ಕೆನ್ನೆಯಲ್ಲಿ ನಿಂತಿತ್ತು.

ಬೆಚ್ಚಗಿದ್ದ ಮೈಯಿಂದ, ಸುಲ್ತಾನನು ದೇಹ ಸಿಗುವುದಕ್ಕೆ ಸ್ವಲ್ಪ ಮೊದಲಿನವರೆಗೂ ಬದುಕಿದ್ದನೆಂದು ಊಹಿಸುವುದು ಸುಲಭ. ಹಾಗಾದರೆ ಆ ಕ್ಷಣವೇ ಪ್ರಾಣ ಹೋಯಿತೆಂಬ ಸೇವಕನ ಮಾತು ಸುಳ್ಳಾಗಬೇಕಾಗುತ್ತದೆ. ಆದರೆ ಇದು ಬಲವಾದ ಆಕ್ಷೇಪವಲ್ಲ. ಸುತ್ತಲಿನ ಗಾಳಿಯು ತಣ್ಣಗಿದ್ದರೆ ಮಾತ್ರ ಹೆಣವು ಬೇಗನೆ ತಣ್ಣಗಾಗುವುದು. ಮೇ ತಿಂಗಳ ಸೆಕೆಯಲ್ಲಿ, ಗಾಳಿಯಾಡದ ಕಮಾನಿನ ಕೆಳಗೆ, ಇತರ ದೇಹಗಳ ನಡುವೆ ಅದುಮಿಕೊಂಡಿದ್ದ ದೇಹವು ನಾಲ್ಕೈದು ಗಂಟೆಗಳ ಮೇಲೂ ಬೆಚ್ಚಗಿರುವುದು ಸಹಜವೆಂದು ಈಗಿನ ವೈದ್ಯಶಾಸ್ತ್ರವು ತಿಳಿಸುತ್ತದೆ. ಕಾಲವನ್ನು ನಿರ್ಧರಿಸುವುದಕ್ಕೆ ಕೈಕಾಲುಗಳು ಸೆಡೆತಿದ್ದುವೋ ಇಲ್ಲವೋ ಎಂಬುದು ಹೆಚ್ಚು ಉಪಯುಕ್ತವಾಗುತ್ತಿತ್ತು. ಅಲೆನ್ನನು ಆ ಮಾತನ್ನೆತ್ತುವುದಿಲ್ಲ.

ಕಣತಲೆಯ ಗಾಯವು ಇನ್ನೂ ಹೆಚ್ಚು ಮಾತನಾಡುತ್ತದೆ. ಕಿವಿಯ ಮೇಲೆ ಹೊಕ್ಕು ಕೆನ್ನೆಗಿಳಿದ ಗುಂಡಿನ ದಾರಿಯು ಮೇಲಿನಿಂದ ಕೆಳಕ್ಕೆ. ನಿಂತವನು ಒರಗಿಕೊಂಡವನ ಮೇಲೆ ಹಾರಿಸಿದರೆ ಹೀಗಾಗುವುದು. ಕುದುರೆಯ ಮೇಲಿದ್ದವನಿಗೆ ನೆಲದ ಮೇಲಿಂದ ಹಾರಿಸಿದರೆ ಹೀಗಾಗದು. ಎಂದರೆ ಪಲ್ಲಕ್ಕಿಯ ಸಂಗತಿಯನ್ನು ಗಾಯವು ಸಮರ್ಥಿಸುತ್ತದೆ. ಮೇಲಾಗಿ ಬೀಟ್ಸನ್ನನ ಕಥನವನ್ನೋದಿದರೆ ಗುಂಡು ತಲೆಯಿಂದ ಹಾಯ್ದುಹೋಯಿತೆಂಬ ಭಾವನೆಯುಂಟಾಗುತ್ತದೆ. ಅಲೆನ್ನನು ಅದು ಒಳಗೇ ಉಳಿಯಿತೆನ್ನುತ್ತಾನೆ. ಅಂದಿನ ಸೈನ್ಯದ ಬಂದೂಕಿನ ಗುಂಡು ಸುಮಾರು ಮುಕ್ಕಾಲು ಅಂಗುಲ ದಪ್ಪವಾದ ಸೀಸದ ಉಂಡೆ. ಕೈಯಳತೆಯ ದೂರದಿಂದ ಹಾರಿಸಿದ ಅಂತಹ ಗುಂಡು ತಲೆಯೊಳಗೆ ನಿಂತುದೇಕೆಂಬ ಪ್ರಶ್ನೆಯು ಉಳಿಯುತ್ತದೆ. ತಲೆಬುರುಡೆಯ ತಳದ ದಪ್ಪ ಎಲುಬಿಗೆ ಓರೆಯಾಗಿ ತಾಗಿ ವೇಗವು ಕುಂದಿರಬಹುದು; ಮದ್ದು ಕಡಮೆಯಿದ್ದಿರಬಹುದು; ಅಥವಾ ಹೊಡೆದವನು ಅಷ್ಟು ಸಮೀಪದಲ್ಲಿರಲಿಲ್ಲವಾಗಬಹುದು. ಮುಟ್ಟುವಷ್ಟು ಹತ್ತಿರದ ಗುಂಡು ಚರ್ಮವನ್ನು ಸುಟ್ಟು ಕಪ್ಪುಮಾಡುತ್ತದೆ; ಅಂತಹ ಗುರುತಿತ್ತೋ ಇಲ್ಲವೋ ಎಂಬುದನ್ನು ಅಲೆನ್ನನು ಹೇಳಿಲ್ಲ. ದೀಪದ ಬೆಳಕಿನಲ್ಲಿ ಹೊರಡುಗಾಯವನ್ನು ಕಾಣದೆಯೋ ಕೆನ್ನೆಯನ್ನು ಒತ್ತಿ ನೋಡಿಯೋ ಅವನು ತನ್ನ ನಿರ್ಣಯಕ್ಕೆ ಬಂದಿರಬೇಕು. ಮರುದಿನವೇ ದೇಹವನ್ನು ಲಾಲ್‌ಬಾಗಿನ ಗುಂಬಜಿನಲ್ಲಿ, ತಂದೆ ಹೈದರಾಲಿಯ ಬದಿಯಲ್ಲಿ, ಸೈನಿಕಮರ್ಯಾದೆಯೊಡನೆ ಸಮಾಧಿಮಾಡಿದರು.

ಲೆಕ್ಕದಲ್ಲಿಯೂ ಒಂದು ವ್ಯತ್ಯಾಸವುಂಟು. ಚರಿತ್ರಕಾರರು ಸಾಮಾನ್ಯವಾಗಿ ಅದನ್ನು ಲಕ್ಷಿಸದೆ ಮುಂದುವರಿಯುವರು. ರಾಜಾಖಾನನ ಹೇಳಿಕೆಯಲ್ಲಿ ಪಕ್ಕೆಗೆ ಎರಡು, ಕಣತಲೆಗೆ ಒಂದು, ಒಟ್ಟು ಮೂರು ಗಾಯಗಳು. ಅಲೆನ್ನನು ಎಣಿಸಿದುವು ನಾಲ್ಕು. ಆ ನಾಲ್ಕನೆಯದು ಕೊತ್ತಳದ ಮೇಲೆ ಆದ ಹಗುರವಾದ ಗಾಯವಾಗಿದ್ದು, ಸುಲ್ತಾನನು ಅದನ್ನು ತೋರಗೊಟ್ಟಿರಲಾರನು. ಸತ್ತ ಮೇಲೆ ಗುಂಪಿನ ಮೇಲೆ ಹಾರಿಸಿದ ಗುಂಡೂ ತಗುಲಿರಬಹುದು. ಅಥವಾ ರಾಜಾಖಾನನಿಗೆ ತಾನೂ ಗಾಯಗೊಂಡು ಬಿದ್ದಿದ್ದ ಆ ಕೆಲವು ನಿಮಿಷಗಳು ಪೂರ್ತಿಯಾಗಿ ನೆನಪಿರಲಿಲ್ಲ. ಮೂರನೆಯ ಊಹೆಯೇ ಮನುಷ್ಯಸ್ವಭಾವಕ್ಕೆ ಹೆಚ್ಚು ಸಮೀಪವಾಗಿ ತೋರುತ್ತದೆ. ಹಾಗಾದ ಪಕ್ಷದಲ್ಲಿ ಕತ್ತಿಪಟ್ಟಿ, ಮೊಣಕಾಲಿನ ಹೊಡೆತ, ಕೊನೆಯ ಗುಂಡು ಇವುಗಳ ಕ್ರಮವೂ ಅಷ್ಟೇ ನಿಸ್ಸಂದಿಗ್ಧವೆನ್ನಲಾಗದು.

ಕಿರ್ಮಾನಿಯ ಕಥೆಯು ಬೇರೆಯದು. ಮೀರ್ ಸಾದಕನು ಸುಲ್ತಾನನ ಹಿಂದೆ ಬಾಗಿಲನ್ನು ಮುಚ್ಚಿಸಿ ಹಿಂದಿರುಗುವ ದಾರಿಯನ್ನು ಕಟ್ಟಿದನು. ತೆರೆಯೆಂದರೂ ಕಾವಲಿನವರು ಕಿವಿಗೊಡಲಿಲ್ಲ. ಕಿಲ್ಲೇದಾರನು ಬಾಗಿಲಿನ ಮೇಲೆಯೇ ಇದ್ದರೂ ಅಲಕ್ಷಿಸಿದನು. ಸುಲ್ತಾನನು ಸಿಂಹದಂತೆ ಕಾದಿ, ಮುಖದ ಮೇಲೆ ಗಾಯಗಳನ್ನು ಪಡೆದು ವೀರಮರಣವನ್ನೈದಿದನು. ಮುಖದ ಗಾಯಗಳೆಂಬ ಮಾತು ಅಲೆನ್ನನ ಎಣಿಕೆಯೊಡನೆ ಹೊಂದುವುದಿಲ್ಲ. ಶತ್ರುವಿಗೆ ಬೆನ್ನು ತೋರದವನ ಗಾಯವು ಮುಂಭಾಗದಲ್ಲಿರಬೇಕೆಂಬ ವೀರಕಾವ್ಯದ ಸಂಪ್ರದಾಯವು ಇಲ್ಲಿ ಲೇಖನಿಯನ್ನು ನಡೆಯಿಸಿದೆ. ಕನ್ನಡ ನಾಡಿನ ವೀರಗಲ್ಲುಗಳನ್ನು ಕಂಡವರಿಗೆ ಈ ಮನೋಧರ್ಮವು ಅಪರಿಚಿತವಲ್ಲ. ಮುಚ್ಚಿದ ಬಾಗಿಲಿನ ಸಂಗತಿಯನ್ನು ಮಾತ್ರ ಹಾಗೆ ತಳ್ಳಿಹಾಕಬಾರದು. ಕಮಾನಿನೊಳಗಿನಿಂದ ಇಂಗ್ಲಿಷರು ಗುಂಡು ಹಾರಿಸಿದುದು ನಿಜವಾದರೆ, ಆ ಹೊತ್ತಿಗೆ ಆ ಬಾಗಿಲು ತೆರೆದಿತ್ತೆನ್ನಬೇಕು. ಆದರೂ ಕಿರ್ಮಾನಿಯು ಹೇಳುವುದು ಅದಕ್ಕೆ ಮೊದಲಿನ ಗಳಿಗೆಯನ್ನೋ ಬೇರೆ ದಿಡ್ಡಿಬಾಗಿಲನ್ನೋ ಆಗಿರಬಹುದು. ಎರಡು ಕಥನಗಳ ಕಿಲ್ಲೇದಾರನೂ ಒಬ್ಬನೇ ಆದರೆ, ಸುಲ್ತಾನನು ಎಲ್ಲಿ ಬಿದ್ದಿರುವನೆಂಬುದು ಅವನಿಗೆ ಮೊದಲೇ ತಿಳಿದಿದ್ದುದೇಕೆ ಎಂಬುದಕ್ಕೆ ಕಿರ್ಮಾನಿಯಲ್ಲಿ ಉತ್ತರವು ಸಿಗುತ್ತದೆ. ಅದು ಗೌರವವನ್ನು ತರುವ ಉತ್ತರವಲ್ಲ.

ಸಾಕ್ಷಿಗಳ ಹಿತಾಸಕ್ತಿಯನ್ನೂ ಗಮನಿಸಬೇಕು. ಒಡೆಯನು ಶರಣಾಗಲೊಪ್ಪದೆ ಕೊನೆಯುಸಿರಿನವರೆಗೂ ಕತ್ತಿ ಬೀಸಿದನೆಂದು ಹೇಳುವುದು ರಾಜಾಖಾನನ ಸ್ವಾಮಿಭಕ್ತಿಗೆ ಒಪ್ಪುವ ಮಾತು. ಅದೇ ಕಥೆಯು ಇಂಗ್ಲಿಷರಿಗೂ ಅನುಕೂಲವಾಗಿತ್ತು. ದಾಳಿಯನ್ನು ನಡೆಯಿಸಿದ ಬೇರ್ಡನು 1780ರಿಂದ 1784ರವರೆಗೆ ಇದೇ ಪಟ್ಟಣದಲ್ಲಿ ಸೆರೆಯಲ್ಲಿದ್ದವನು. ಗಾಯಗೊಂಡ ರಾಜನನ್ನು ಗುರುತಿಸಿ ಕೊಂದರೆಂಬ ಅಪವಾದಕ್ಕೆ ಎಡೆಯಿರಬಾರದಾಗಿತ್ತು. ಹೆಸರಿಲ್ಲದ ಸೈನಿಕನೊಬ್ಬನು, ಎದುರಿಗಿರುವವನು ಯಾರೆಂದರಿಯದೆ, ಪೆಟ್ಟಿಗೆ ಪ್ರತಿಯಾಗಿ ಹೊಡೆದನೆಂದರೆ ಯಾರ ಮೇಲೂ ಹೊರೆಯಿಲ್ಲ. ಎರಡು ಪಕ್ಷಗಳಿಗೂ ಹಿತವಾದ ಕಥೆಯು ಸುಳ್ಳೇ ಆಗಬೇಕೆಂದಿಲ್ಲ. ಆದರೆ ಅಂತಹ ಕಥೆಯನ್ನು ಕೆದಕಿ ನೋಡುವವರು ಆ ಕಾಲದಲ್ಲಿ ಯಾರೂ ಇರಲಾರರು.

ಚಿತ್ರಗಳು ಈ ನೆನಪನ್ನು ಇನ್ನಷ್ಟು ಗಟ್ಟಿಮಾಡಿದುವು. ಲಂಡನ್ನಿನಲ್ಲಿ 1800ರಲ್ಲಿಯೇ ಕರ್ ಪೋರ್ಟರನು ಈ ದಾಳಿಯ ಬೃಹಚ್ಚಿತ್ರವನ್ನು ಪ್ರದರ್ಶಿಸಿದನು. ಬೇರ್ಡನ ವಿಧವೆಯು ಬರೆಯಿಸಿದ ವಿಲ್ಕಿಯ ಪ್ರಸಿದ್ಧ ಚಿತ್ರವು ಮುಗಿದುದು 1839ರಲ್ಲಿ, ಘಟನೆಯಾಗಿ ನಲವತ್ತು ವರ್ಷಗಳ ಮೇಲೆ. ಅದರಲ್ಲಿ ದೀಪದ ಬೆಳಕು ದೇಹದ ಮೇಲೆಷ್ಟೋ ಅಷ್ಟೇ ಬೇರ್ಡನ ಮೇಲೂ ಬಿದ್ದಿದೆ. ವಸ್ತುಗಳ ಗತಿಯೂ ಹೀಗೆಯೇ. ಲಂಡನ್ನಿನಲ್ಲಿ 2023ರಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಹರಾಜಾದ ಕತ್ತಿಯನ್ನು ಸುಲ್ತಾನನು ಕೊನೆಯಲ್ಲಿ ಹಿಡಿದಿದ್ದ ಕತ್ತಿಯೆಂದು ಭಾವಿಸುವವರುಂಟು; ಅದು ಶಯನಗೃಹದಲ್ಲಿ ದೊರೆತು ಬೇರ್ಡನಿಗೆ ಬಹುಮಾನವಾಗಿ ಸಂದುದು. ಕಮಾನಿನ ಕೆಳಗೆ ಬೀಸಿದ ಕತ್ತಿಗೂ ಇದಕ್ಕೂ ಸಂಬಂಧವಿಲ್ಲ.

ಹೊಡೆದವನು ಇಂತಹವನೇ ಎಂದು ನಿಶ್ಚಯವಾಗಲಿಲ್ಲ. ಕತ್ತಿಯ ಪೆಟ್ಟು ನಿಜವಾಗಿದ್ದರೆ, ಮೊಣಕಾಲಿನ ಬಳಿ ಕತ್ತಿಗಾಯವಾಗಿದ್ದ ಸೈನಿಕನೊಬ್ಬನು ಆ ರಾತ್ರಿ ಇಂಗ್ಲಿಷರ ಪಾಳೆಯದಲ್ಲಿ ಇದ್ದಿರಬೇಕು. ರಾಜಾಖಾನನ ಹೇಳಿಕೆಯಲ್ಲಿ, ಸುಲ್ತಾನನ ದೇಹದಿಂದ ಹೊರಗೆ ಪರೀಕ್ಷಿಸಬಹುದಾಗಿದ್ದ ಗುರುತು ಅದೊಂದೇ. ಬಾಗಿಲಿನ ಕಮಾನೂ ಒಳಗೋಟೆಯ ಗೋಡೆಯೂ ಈಗ ಅಲ್ಲಿಲ್ಲ. ದೇಹವು ಸಿಕ್ಕ ಸ್ಥಳವಿದೆಂದು ತಿಳಿಸುವ ಕಲ್ಲು ಬಯಲಿನಲ್ಲಿ ನಿಂತಿದೆ. ನೋಡಲು ಬರುವವರಲ್ಲಿ ಹಲವರು ಅದನ್ನು ನದಿಯ ಕಡೆಯ ನೀರುಬಾಗಿಲಿನೊಡನೆ ಬೆರಸಿ ಹೇಳಿಕೊಳ್ಳುವರು.