ಬಿಲವಾಸಿ ಟರಾಂಟುಲಾ ಸಾಕಣೆ ಆವರಣ

ಬಿಲವಾಸಿ ಟರಾಂಟುಲಾ ಸಾಕಣೆ ಆವರಣ ಎಂದರೆ ನೆಲದಲ್ಲಿ ಆಳವಾದ ಬಿಲ ತೋಡಿ ವಾಸಿಸುವ ಟರಾಂಟುಲಾ ಜೇಡಗಳನ್ನು ಸಾಕಲು, ಅವುಗಳ ಸಹಜ ನೆಲೆಯನ್ನು ಹೋಲುವಂತೆ ಸಿದ್ಧಪಡಿಸಿದ ಗಾಜಿನ ಅಥವಾ ಅಕ್ರಿಲಿಕ್ ಪೆಟ್ಟಿಗೆ. ಇಂತಹ ಆವರಣದ ಪ್ರಧಾನ ಅಂಗ ಅದರೊಳಗಿನ ಮಣ್ಣಿನ ಪದರ. ಮಣ್ಣಿನ ಆಳ, ಗಟ್ಟಿತನ ಮತ್ತು ತೇವಾಂಶಗಳು ಜೇಡದ ಆರೋಗ್ಯವನ್ನು ನಿರ್ಧರಿಸುತ್ತವೆ. ಗಿಡ, ಪಾಚಿ, ತೊಗಟೆ ಮೊದಲಾದ ಅಲಂಕಾರಗಳಿಗೆ ಎರಡನೆಯ ಸ್ಥಾನವಿದೆ. ಆಗ್ನೇಯ ಏಷ್ಯಾದ ಕೋಬಾಲ್ಟ್ ನೀಲಿ ಟರಾಂಟುಲಾ ಈ ವಿಧಾನದಲ್ಲಿ ಸಾಕಲಾಗುವ ಜೇಡಗಳಲ್ಲಿ ಹೆಚ್ಚು ಪರಿಚಿತವಾದುದು. ಈ ಲೇಖನದ ಅಳತೆಗಳು ಮುಖ್ಯವಾಗಿ ಅದೇ ಗಾತ್ರದ ಜೇಡಗಳಿಗೆ ಅನ್ವಯಿಸುತ್ತವೆ.

== ಹಿನ್ನೆಲೆ ==

ಟರಾಂಟುಲಾಗಳು ಥೆರಾಫೋಸಿಡೇ ಕುಟುಂಬಕ್ಕೆ ಸೇರಿದ ದೊಡ್ಡ ಗಾತ್ರದ, ರೋಮಭರಿತ ಜೇಡಗಳು. ಈ ಕುಟುಂಬದಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ. ವಾಸಸ್ಥಾನವನ್ನು ಆಧರಿಸಿ ಸಾಕಣೆದಾರರು ಇವನ್ನು ಮರವಾಸಿ, ನೆಲವಾಸಿ ಮತ್ತು ಬಿಲವಾಸಿ ಎಂದು ಮೂರು ಗುಂಪುಗಳಾಗಿ ವಿಂಗಡಿಸುತ್ತಾರೆ. ಇದು ಅನುಕೂಲಕ್ಕಾಗಿ ಮಾಡಿಕೊಂಡ ವಿಂಗಡಣೆಯಾಗಿದ್ದು, ವರ್ಗೀಕರಣ ಶಾಸ್ತ್ರದ ವಿಭಾಗವಲ್ಲ.

ಬಿಲವಾಸಿ ಜೇಡವು ತನ್ನ ಜೀವಿತದ ಬಹುಪಾಲನ್ನು ಬಿಲದೊಳಗೆ ಕಳೆಯುತ್ತದೆ. ರಾತ್ರಿ ಬಿಲದ ಬಾಯಿಯ ಬಳಿ ಕಾದು ಕುಳಿತು, ಹಾದುಹೋಗುವ ಕೀಟಗಳ ಕಂಪನವನ್ನು ಗ್ರಹಿಸಿ ಹಿಡಿಯುತ್ತದೆ. ಬಿಲದ ಒಳಮೈಗೆ ರೇಷ್ಮೆಯ ಹೊದಿಕೆ ಇರುತ್ತದೆ. ಅದು ಗೋಡೆ ಕುಸಿಯದಂತೆ ತಡೆಯುವುದಲ್ಲದೆ ಹೊರಗಿನ ಕಂಪನವನ್ನು ಒಳಗಿರುವ ಜೇಡಕ್ಕೆ ತಲುಪಿಸುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಮೇಲ್ಮಣ್ಣು ಕಾದು ಒಣಗಿದರೂ ಬಿಲದ ತಳ ತಂಪಾಗಿ, ತೇವವಾಗಿ ಉಳಿಯುತ್ತದೆ.

ಬಿಲಕ್ಕೂ ಅದರ ಒಡೆಯನಿಗೂ ಇರುವ ನಂಟು ಎಷ್ಟು ದೀರ್ಘವಾದುದು ಎಂಬುದಕ್ಕೆ ಟರಾಂಟುಲಾಗಳ ದೂರದ ಸಂಬಂಧಿಯಾದ ಒಂದು ಬಾಗಿಲುಬಿಲದ ಜೇಡ ಪ್ರಸಿದ್ಧ ಉದಾಹರಣೆಯಾಗಿದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಾರ್ಬರಾ ಯಾರ್ಕ್ ಮೇನ್ ಅವರು 1974ರಿಂದ ಗಮನಿಸುತ್ತಿದ್ದ "ಸಂಖ್ಯೆ 16" ಎಂಬ ಹೆಣ್ಣು ಜೇಡ ಒಂದೇ ಬಿಲದಲ್ಲಿ 43 ವರ್ಷ ಬದುಕಿತ್ತು. 2016ರಲ್ಲಿ ಅದು ಸತ್ತಿರುವುದು ತಿಳಿದುಬಂತು.

== ಕೋಬಾಲ್ಟ್ ನೀಲಿ ಟರಾಂಟುಲಾ ==

ಕೋಬಾಲ್ಟ್ ನೀಲಿ ಟರಾಂಟುಲಾ ಮ್ಯಾನ್ಮಾರ್ ಮತ್ತು ಥಾಯ್ಲೆಂಡ್‌ಗಳ ಜೇಡ. 1996ರಲ್ಲಿ ಹ್ಯಾಪ್ಲೊಪೆಲ್ಮಾ ಲಿವಿಡಮ್ ಎಂಬ ಹೆಸರಿನಲ್ಲಿ ಇದನ್ನು ವಿವರಿಸಲಾಯಿತು. ನಂತರದ ಪರಿಷ್ಕರಣೆಗಳಲ್ಲಿ ಇದರ ಕುಲನಾಮ ಬದಲಾಗಿದೆ. ಬೆಳೆದ ಹೆಣ್ಣಿನ ಕಾಲುಹರವು ಸುಮಾರು 13 ಸೆಂ.ಮೀ. ಕಾಲುಗಳ ಮಿನುಗುವ ನೀಲಿಯು ಬಣ್ಣದ ದ್ರವ್ಯದಿಂದ ಬಂದುದಲ್ಲ. ರೋಮಗಳ ಅತಿಸೂಕ್ಷ್ಮ ರಚನೆ ಬೆಳಕನ್ನು ಪ್ರತಿಫಲಿಸುವ ರೀತಿಯಿಂದ ಅದು ಉಂಟಾಗುತ್ತದೆ.

ಈ ಬಣ್ಣಕ್ಕಾಗಿಯೇ ಜನರು ಇದನ್ನು ಕೊಳ್ಳುತ್ತಾರೆ. ಆದರೆ ಸರಿಯಾಗಿ ಸಾಕಿದ ಜೇಡ ಹಗಲಿನಲ್ಲಿ ಬಹುತೇಕ ಕಾಣಿಸುವುದೇ ಇಲ್ಲ. ಅದು ಸದಾ ಕಾಣಲೆಂದು ಮಣ್ಣನ್ನು ತೆಳುವಾಗಿ ಹಾಕಿದರೆ ಜೇಡ ಮೂಲೆಯಲ್ಲಿ ಮುದುಡಿ ಕೂರುತ್ತದೆ, ಗೊತ್ತುಗುರಿಯಿಲ್ಲದೆ ಅಲೆಯುತ್ತದೆ ಅಥವಾ ಸಣ್ಣ ಅಲುಗಾಟಕ್ಕೂ ಮುಂಗಾಲೆತ್ತಿ ದಾಳಿಗೆ ಸಿದ್ಧವಾಗುತ್ತದೆ. "ಕೋಪಿಷ್ಠ" ಎಂದು ಈ ಪ್ರಭೇದಕ್ಕೆ ಬಂದಿರುವ ಹೆಸರಿಗೆ ಅಡಗಲು ಜಾಗವಿಲ್ಲದಿರುವುದೂ ಒಂದು ಕಾರಣ. ಬಿಲವುಳ್ಳ ಜೇಡ ಅಪಾಯವನ್ನು ಕಂಡೊಡನೆ ಸಾಮಾನ್ಯವಾಗಿ ಒಳಗೆ ಓಡುತ್ತದೆ.

== ಪೆಟ್ಟಿಗೆ ಮತ್ತು ಅಳತೆ ==

ಬೆಳೆದ ಜೇಡಕ್ಕೆ ಸಾಮಾನ್ಯವಾಗಿ ಅನುಸರಿಸುವ ಅಳತೆಗಳು ಹೀಗಿವೆ:

* ತಳದ ವಿಸ್ತೀರ್ಣ: ಸುಮಾರು 30 × 30 ಸೆಂ.ಮೀ.
* ಪೆಟ್ಟಿಗೆಯ ಎತ್ತರ: 40ರಿಂದ 45 ಸೆಂ.ಮೀ.
* ಮಣ್ಣಿನ ಆಳ: 25ರಿಂದ 30 ಸೆಂ.ಮೀ.
* ಮಣ್ಣಿನ ಮೇಲ್ಮೈಯಿಂದ ಮುಚ್ಚಳದವರೆಗಿನ ಅಂತರ: ಕಾಲುಹರವಿನ ಒಂದರಿಂದ ಒಂದೂವರೆ ಪಟ್ಟು

ಕೊನೆಯ ಅಳತೆ ಸುರಕ್ಷತೆಗೆ ಸಂಬಂಧಿಸಿದ್ದು. ಟರಾಂಟುಲಾದ ಉದರಭಾಗದ ಚರ್ಮ ತೆಳುವಾಗಿದ್ದು, ಎತ್ತರದಿಂದ ಬಿದ್ದರೆ ಒಡೆಯಬಹುದು. ಜೇಡಗಳು ಕಾಲುಗಳನ್ನು ಚಾಚುವುದು ದೇಹದ್ರವದ ಒತ್ತಡದಿಂದ. ಗಾಯದಿಂದ ಆ ದ್ರವ ಸೋರಿಹೋದರೆ ಜೇಡ ನಡೆಯಲಾರದೆ ಸಾಯುತ್ತದೆ. ಆದುದರಿಂದ ಎತ್ತರದ ಪೆಟ್ಟಿಗೆಯಲ್ಲಿ ಕಡಿಮೆ ಮಣ್ಣು ಹಾಕುವುದು ಎರಡು ಬಗೆಯಲ್ಲಿ ಅಪಾಯಕಾರಿ: ಜೇಡಕ್ಕೆ ಬಿಲ ದೊರೆಯುವುದಿಲ್ಲ, ಗೋಡೆ ಹತ್ತಿ ಬೀಳುವ ಸಾಧ್ಯತೆಯೂ ಹೆಚ್ಚುತ್ತದೆ.

ಗಾಳಿಯಾಡಲು ಎದುರುಬದುರಿನ ಗೋಡೆಗಳಲ್ಲಿ, ಮಣ್ಣಿನ ಮಟ್ಟಕ್ಕಿಂತ ಮೇಲೆ, ಸಣ್ಣ ರಂಧ್ರಗಳಿರಬೇಕು. ಲೋಹದ ಜಾಲರಿಯ ಮುಚ್ಚಳದಲ್ಲಿ ಜೇಡದ ಕಾಲಿನ ಉಗುರು ಸಿಕ್ಕಿಕೊಳ್ಳುವುದರಿಂದ ರಂಧ್ರ ಕೊರೆದ ಅಕ್ರಿಲಿಕ್ ಹಾಳೆ ಉತ್ತಮ. ಮುಚ್ಚಳಕ್ಕೆ ಚಿಲಕ ಕಡ್ಡಾಯ. ಮರಿಗಳನ್ನು ದೊಡ್ಡ ಆವರಣಕ್ಕೆ ಬಿಡದೆ, 5ರಿಂದ 8 ಸೆಂ.ಮೀ. ಮಣ್ಣು ಹಿಡಿಸುವ ಸಣ್ಣ ಡಬ್ಬಿಗಳಲ್ಲಿ ಬೆಳೆಸುತ್ತಾರೆ. ಇದರಿಂದ ಅವು ಆಹಾರ ತಿನ್ನುತ್ತಿವೆಯೇ ಎಂಬುದನ್ನು ಗಮನಿಸಲು ಸಾಧ್ಯವಾಗುತ್ತದೆ.

== ಮಣ್ಣಿನ ಪದರ ==

ಬಿಲ ಕುಸಿಯದಂತೆ ನಿಲ್ಲುವ ಮಣ್ಣೇ ಯೋಗ್ಯ. ತೆಂಗಿನ ನಾರಿನ ಪುಡಿಯನ್ನು ಮಾತ್ರ ಬಳಸಿದರೆ ಅದು ಒಣಗಿದಾಗ ಸಡಿಲಗೊಂಡು ಕುಸಿಯುತ್ತದೆ. ಮರಳಿಗೂ ಇದೇ ದೋಷವಿದೆ. ಸಾಮಾನ್ಯವಾಗಿ ಮೂರು ಪಾಲು ಮೇಲ್ಮಣ್ಣಿಗೆ ಒಂದು ಪಾಲು ತೆಂಗಿನ ನಾರಿನ ಪುಡಿ ಮತ್ತು ಸ್ವಲ್ಪ ಜೇಡಿಮಣ್ಣನ್ನು ಬೆರೆಸುತ್ತಾರೆ. ಮಣ್ಣಿನಲ್ಲಿ ರಾಸಾಯನಿಕ ಗೊಬ್ಬರವಾಗಲಿ ಕೀಟನಾಶಕವಾಗಲಿ ಇರಕೂಡದು. ಹೊಲ ಮತ್ತು ತೋಟದ ಮಣ್ಣನ್ನು ಬಳಸದಿರಲು ಇದೇ ಕಾರಣ.

ಮಿಶ್ರಣದ ತೇವವನ್ನು ಪರೀಕ್ಷಿಸುವ ಕ್ರಮ ಸರಳವಾಗಿದೆ. ಒಂದು ಹಿಡಿ ಮಣ್ಣನ್ನು ಹಿಂಡಿದಾಗ ಉಂಡೆಯಾಗಿ ನಿಲ್ಲಬೇಕು, ಬೆರಳಿನ ನಡುವೆ ನೀರು ಜಿನುಗಬಾರದು. ಈ ಹದದ ಮಣ್ಣನ್ನು ಐದಾರು ಸೆಂ.ಮೀ. ದಪ್ಪದ ಪದರಗಳಾಗಿ ಹಾಕಿ, ಪ್ರತಿ ಪದರವನ್ನೂ ಅಂಗೈಯಿಂದ ಗಟ್ಟಿಯಾಗಿ ಒತ್ತಲಾಗುತ್ತದೆ. ಎಲ್ಲವನ್ನೂ ಒಮ್ಮೆಗೇ ಸುರಿದು ಮೇಲೆ ಮಾತ್ರ ಒತ್ತಿದರೆ ತಳ ಸಡಿಲವಾಗಿಯೇ ಉಳಿದು, ಬಿಲ ತಳದಲ್ಲಿ ಕುಸಿಯುತ್ತದೆ.

ನಂತರ ಒಂದು ಮೂಲೆಯಲ್ಲಿ ಕೋಲಿನಿಂದ ಓರೆಯಾದ ಆರಂಭಿಕ ಬಿಲವನ್ನು ಮಾಡಿ, ಅದರ ಬಾಯಿಗೆ ಅರ್ಧವೃತ್ತಾಕಾರದ ಕಾರ್ಕ್ ತೊಗಟೆಯನ್ನು ಇಡುತ್ತಾರೆ. ಬಿಲವನ್ನು ಗಾಜಿಗೆ ತಾಗಿ ಆರಂಭಿಸಿದರೆ ಜೇಡ ಅದೇ ಗೋಡೆಯನ್ನು ಅನುಸರಿಸಿ ತೋಡುವ ಸಂಭವವಿದೆ. ಆಗ ಆ ಭಾಗವನ್ನು ಹೊರಗಿನಿಂದ ಕಪ್ಪು ಕಾಗದದಿಂದ ಮುಚ್ಚಿ, ಅಗತ್ಯವಿದ್ದಾಗ ಮಾತ್ರ ತೆರೆದು ನೋಡಬಹುದು. ಭಾರವಾದ ಕಲ್ಲುಗಳನ್ನು ಮಣ್ಣಿನ ಮೇಲೆ ಇಡಬಾರದು. ಜೇಡ ಅವುಗಳ ಅಡಿಯಲ್ಲಿ ತೋಡಿದರೆ ಕಲ್ಲು ಕುಸಿದು ಜೇಡ ಜಜ್ಜಿಹೋಗಬಹುದು.

== ತೇವಾಂಶ, ಶಾಖ ಮತ್ತು ಬೆಳಕು ==

ಟರಾಂಟುಲಾಗಳು ಎರಡು ಜೊತೆ ಪುಸ್ತಕ ಶ್ವಾಸಕೋಶಗಳ ಮೂಲಕ ಉಸಿರಾಡುತ್ತವೆ. ಗಾಳಿಯಾಡದ, ಸದಾ ಒದ್ದೆಯಾದ ಆವರಣದಲ್ಲಿ ಬೂಷ್ಟು ಬೆಳೆದು ಜೇಡ ಅಸ್ವಸ್ಥವಾಗುತ್ತದೆ. ಆದಕಾರಣ ಮೇಲ್ಮೈ ಒಣಗಲು ಬಿಟ್ಟು, ತಳವನ್ನು ಮಾತ್ರ ತೇವವಾಗಿಡುವುದು ಕ್ರಮ. ಮಣ್ಣು ತುಂಬುವಾಗಲೇ ಒಂದು ಮೂಲೆಯಲ್ಲಿ ಸಣ್ಣ ಕೊಳವೆಯನ್ನು ತಳದವರೆಗೆ ನಿಲ್ಲಿಸಿ, ಅದರ ಮೂಲಕ ಆಗಾಗ ಸ್ವಲ್ಪ ನೀರು ಹನಿಸಲಾಗುತ್ತದೆ. ಹೆಚ್ಚು ನೀರು ನಿಂತರೆ ತಳದ ಮಣ್ಣು ಕೊಳೆತು ದುರ್ವಾಸನೆ ಬರುತ್ತದೆ. ಮೇಲ್ಮೈಯಲ್ಲಿ ಕುಡಿಯುವ ನೀರಿನ ಸಣ್ಣ ಬಟ್ಟಲೊಂದು ಸದಾ ಇರಬೇಕು.

22ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಸಾಕಾಗುತ್ತದೆ. ಪೆಟ್ಟಿಗೆಯ ಅಡಿಯಲ್ಲಿ ಶಾಖದ ಹಾಸು ಇಡುವುದು ತಪ್ಪು ವಿಧಾನ. ಸೆಕೆಯಾದಾಗ ಆಳಕ್ಕೆ ಇಳಿಯುವುದು ಬಿಲವಾಸಿಯ ಸಹಜ ಪ್ರವೃತ್ತಿ. ತಳವೇ ಕಾಯುತ್ತಿದ್ದರೆ ಅದು ತಂಪನ್ನು ಅರಸಿ ಇನ್ನಷ್ಟು ಬಿಸಿಯ ಕಡೆಗೇ ಹೋಗುತ್ತದೆ. ಚಳಿ ಪ್ರದೇಶಗಳಲ್ಲಿ ಪೆಟ್ಟಿಗೆಗೆ ಬದಲಾಗಿ ಕೋಣೆಯನ್ನೇ ಬೆಚ್ಚಗಿಡುವುದು ಸುರಕ್ಷಿತ. ವಿಶೇಷ ದೀಪಗಳು ಬೇಕಿಲ್ಲ. ನೇರ ಬಿಸಿಲು ಬಿದ್ದರೆ ಗಾಜಿನ ಪೆಟ್ಟಿಗೆ ಬೇಗನೆ ಮಾರಕವಾಗಿ ಕಾಯುತ್ತದೆ. ಸೊಳ್ಳೆಬತ್ತಿ ಹಾಗೂ ಸೊಳ್ಳೆ ನಿವಾರಕ ದ್ರವಗಳಲ್ಲಿರುವ ಪೈರೆಥ್ರಾಯ್ಡ್ ಕೀಟನಾಶಕಗಳು ಜೇಡಗಳಿಗೂ ವಿಷವಾದ್ದರಿಂದ ಅದೇ ಕೋಣೆಯಲ್ಲಿ ಅವನ್ನು ಬಳಸಬಾರದು.

== ಸಸ್ಯಗಳು ಮತ್ತು ಸಣ್ಣ ಜೀವಿಗಳು ==

ನೈಸರ್ಗಿಕ ಆವರಣದಲ್ಲಿ ಒಣ ಎಲೆ, ಪಾಚಿ ಮತ್ತು ನೆರಳಿನಲ್ಲಿ ಬೆಳೆಯುವ ಸಣ್ಣ ಗಿಡಗಳನ್ನು ಇಡುವುದುಂಟು. ಜೇಡ ತೋಡುವಾಗ ಗಿಡಗಳ ಬೇರು ಕಿತ್ತುಬರುವುದು ಸಾಮಾನ್ಯ. ಸ್ಪ್ರಿಂಗ್‌ಟೈಲ್ ಮತ್ತು ಸಣ್ಣ ಐಸೊಪಾಡ್‌ಗಳನ್ನು ಬಿಟ್ಟರೆ ಅವು ಬೂಷ್ಟನ್ನೂ ಆಹಾರದ ಉಳಿಕೆಯನ್ನೂ ತಿಂದು ಮಣ್ಣನ್ನು ಶುಚಿಯಾಗಿಡುತ್ತವೆ. ದೊಡ್ಡ ಜಾತಿಯ ಐಸೊಪಾಡ್‌ಗಳು ಪೊರೆ ಕಳಚುತ್ತಿರುವ ಜೇಡಕ್ಕೆ ತೊಂದರೆ ಕೊಡಬಹುದಾದ್ದರಿಂದ ಅವನ್ನು ಬಿಡುವುದಿಲ್ಲ.

== ಆರೈಕೆ ==

ಬೆಳೆದ ಜೇಡಕ್ಕೆ ವಾರ ಅಥವಾ ಹತ್ತು ದಿನಗಳಿಗೊಮ್ಮೆ ಮಿಡತೆಹುಳು ಅಥವಾ ಜಿರಲೆಯನ್ನು ಆಹಾರವಾಗಿ ಕೊಡಲಾಗುತ್ತದೆ. ತಿನ್ನದೆ ಬಿಟ್ಟ ಕೀಟವನ್ನು ಮರುದಿನ ತೆಗೆಯಬೇಕು. ಪೊರೆ ಕಳಚುವಾಗ ಜೇಡ ಸಾಮಾನ್ಯವಾಗಿ ಬೆನ್ನಡಿಯಾಗಿ ಮಲಗುತ್ತದೆ. ಹೊಸ ಚರ್ಮ ಮೆತ್ತಗಿರುವ ಆ ಅವಧಿಯಲ್ಲಿ ಒಂದು ಮಿಡತೆಹುಳುವೂ ಅದನ್ನು ಕಚ್ಚಿ ಗಾಯಗೊಳಿಸಬಲ್ಲದು.

ಪೊರೆ ಕಳಚುವ ಮುನ್ನ ಜೇಡ ಬಿಲದ ಬಾಯಿಯನ್ನು ಮಣ್ಣು ಮತ್ತು ರೇಷ್ಮೆಯಿಂದ ಮುಚ್ಚಿಕೊಂಡು ವಾರಗಟ್ಟಲೆ ಹೊರಬರದಿರಬಹುದು. ಜೇಡ ಸತ್ತಿದೆ ಎಂದು ಭಾವಿಸಿ ಬಿಲವನ್ನು ಅಗೆಯುವುದು ಆರಂಭಿಕ ಸಾಕಣೆದಾರರಲ್ಲಿ ಕಂಡುಬರುವ ಗಂಭೀರ ತಪ್ಪು. ಅಗೆತದಿಂದ ಬಿಲ ಕುಸಿದರೆ ಮೆತ್ತನೆಯ ಮೈಯ ಜೇಡ ಸಾಯಬಹುದು. ಇಂತಹ ಸಮಯದಲ್ಲಿ ನೀರಿನ ಬಟ್ಟಲನ್ನು ತುಂಬಿಸಿ, ತಳದ ತೇವವನ್ನು ಕಾಪಾಡಿ ಕಾಯಬೇಕು. ಪ್ರಾಯಕ್ಕೆ ಬಂದ ಗಂಡು ಮಾತ್ರ ಹೆಣ್ಣನ್ನು ಅರಸಿ ತಾನಾಗಿಯೇ ಬಿಲವನ್ನು ತೊರೆದು ಅಲೆಯುತ್ತದೆ. ಅದರ ಉಳಿದ ಆಯಸ್ಸು ಅಲ್ಪ.

ಏಷ್ಯಾ ಮತ್ತು ಆಫ್ರಿಕಾದ ಟರಾಂಟುಲಾಗಳಿಗೆ ಅಮೆರಿಕ ಖಂಡಗಳ ಹಲವು ಪ್ರಭೇದಗಳಲ್ಲಿರುವ ತುರಿಕೆರೋಮಗಳ ರಕ್ಷಣೆಯಿಲ್ಲ. ಅವು ವೇಗ ಮತ್ತು ಕಡಿತವನ್ನು ನೆಚ್ಚಿವೆ. ಕಡಿತದಿಂದ ತೀವ್ರ ನೋವು, ಊತ ಮತ್ತು ಸ್ನಾಯುಸೆಳೆತ ಉಂಟಾಗಬಹುದು. ಆದುದರಿಂದ ಇವನ್ನು ಕೈಯಲ್ಲಿ ಹಿಡಿಯದೆ, ಉದ್ದನೆಯ ಚಿಮಟ ಮತ್ತು ಪಾರದರ್ಶಕ ಲೋಟವನ್ನು ಬಳಸಿ ನಿರ್ವಹಿಸಲಾಗುತ್ತದೆ.

== ಕಾನೂನು ಮತ್ತು ಸಂರಕ್ಷಣೆ ==

ಬಿಲವಾಸಿ ಟರಾಂಟುಲಾಗಳು ಭಾರತದಲ್ಲಿಯೂ ಇವೆ. ಪಶ್ಚಿಮ ಘಟ್ಟಗಳಲ್ಲಿ ಮಾತ್ರ ಕಂಡುಬರುವ ಥ್ರಿಗ್ಮೋಪಿಯಸ್ ಕುಲವನ್ನು ಪೋಕಾಕ್ 1899ರಲ್ಲಿ ವಿವರಿಸಿದನು. ಕರ್ನಾಟಕದಲ್ಲಿಯೂ ಇರುವ ಈ ಜೇಡಗಳು ಕಾಡಿನ ದಾರಿಬದಿಯ ಮಣ್ಣಿನ ದಿಬ್ಬಗಳಲ್ಲಿ ಬಿಲ ತೋಡುತ್ತವೆ. ರಸ್ತೆ ಅಗಲೀಕರಣಕ್ಕಾಗಿ ದಿಬ್ಬ ಕಡಿದಾಗ ಅವುಗಳ ನೆಲೆಯೂ ನಾಶವಾಗುತ್ತದೆ. ಬೆಳೆಯಲು ವರ್ಷಗಳು ಹಿಡಿಯುವ, ಬಿಲ ಬಿಟ್ಟು ದೂರ ಹೋಗದ ಇಂತಹ ಜೇಡಗಳ ಬೆಳೆದ ಹೆಣ್ಣುಗಳನ್ನು ಅಗೆದು ಒಯ್ದರೆ ಆ ಜಾಗದ ಸಂತತಿ ಬೇಗನೆ ಕ್ಷೀಣಿಸುತ್ತದೆ. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಅನುಮತಿಯಿಲ್ಲದೆ ಯಾವುದೇ ವನ್ಯಜೀವಿಯನ್ನು ಹಿಡಿಯುವುದು ಅಪರಾಧ.

ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿ ಮೆಕ್ಸಿಕೊ ಮೂಲದ ಬ್ರಾಕಿಪೆಲ್ಮಾ ಕುಲವಿದೆ. ಭಾರತ ಮತ್ತು ಶ್ರೀಲಂಕಾದ ಮರವಾಸಿ ಪೊಯಿಸಿಲೊಥೀರಿಯಾ ಕುಲವನ್ನು 2019ರಲ್ಲಿ ಅದಕ್ಕೆ ಸೇರಿಸಲಾಯಿತು. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯು ಸೈಟಿಸ್ ಪಟ್ಟಿಯ ಜೀವಿಗಳಿಗೆ ಪ್ರತ್ಯೇಕ ಅನುಸೂಚಿಯನ್ನು ಕಲ್ಪಿಸಿದ್ದು, ಅಂತಹ ಜೀವಿಗಳನ್ನು ಇಟ್ಟುಕೊಂಡಿರುವವರು ಅವನ್ನು ನೋಂದಾಯಿಸಬೇಕಾಗುತ್ತದೆ.

== ಇವನ್ನೂ ನೋಡಿ ==

* ಜೇಡ
* ಟರಾಂಟುಲಾ
* ಪಶ್ಚಿಮ ಘಟ್ಟಗಳು
* ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972