ಸೇಡು ತೀರಿಸಿಕೊಳ್ಳಲು ಹೆಣ್ಣು ಸಾಯಲೇಬೇಕಾ?

ನಮ್ಮ ಆಳಂದದ ಅಮರ್ಜಾ ಹೊಳೆ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಹತ್ತಿರ ಭೀಮೆಯನ್ನು ಸೇರುತ್ತದೆ. ಅಲ್ಲಿನ ದತ್ತಾತ್ರೇಯ ಗುಡಿಯಲ್ಲಿ ಮಧ್ಯಾಹ್ನದ ಮಂಗಳಾರತಿ ನೋಡಿದವರಿಗೆ ಗೊತ್ತು. ಗಾಳಿ ಸೋಕಿದೆ ಎಂದು ಕರೆತಂದ ಹೆಣ್ಣುಮಕ್ಕಳು ಚೀರುತ್ತಾರೆ, ಕಂಬ ಹತ್ತುತ್ತಾರೆ, ಬೈಯುತ್ತಾರೆ. ಮನೆಯಲ್ಲಿ ಎದುರಾಡಲಾಗದ ಸೊಸೆ ಅಲ್ಲಿ ಏನು ಬೈದರೂ ಯಾರೂ ಸಿಟ್ಟಾಗುವುದಿಲ್ಲ. ಬೈದದ್ದು ಅವಳಲ್ಲ, ದೆವ್ವ ಅಂತ ಲೆಕ್ಕ.

ಕನ್ನಡ ಸಿನಿಮಾದ ಸೇಡಿನ ಹೆಣ್ಣುಗಳಲ್ಲಿ ಜನ ಮರೆಯದ ಮೂವರು ಹೀಗೇ ಬಂದವರು.

1979ರ 'ನಾ ನಿನ್ನ ಬಿಡಲಾರೆ' ನೆನಪಿಸಿಕೊಳ್ಳಿ. ಬಯಸಿದವನು ಸಿಗದ ಕಾಮಿನಿ ಸತ್ತ ಮೇಲೆ ನಾಯಕ ಅನಂತನಾಗ್ ಮೈಮೇಲೆ ಬರುತ್ತಾಳೆ. ಬಿಡಿಸುವುದು ಮಂತ್ರಾಲಯದ ರಾಯರ ಕೃಪೆ. ನೋಡುವವರ ಕಣ್ಣಿಗೆ ಕಾಮಿನಿ ಕೆಟ್ಟವಳು, ಅಷ್ಟೇ.

2004ರಲ್ಲಿ 'ಆಪ್ತಮಿತ್ರ' ಬಂತು. ಮಲಯಾಳಂನ 1993ರ 'ಮಣಿಚಿತ್ರತ್ತಾಳ್' ಇದರ ಮೂಲ. ಪ್ರಿಯಕರನನ್ನು ಕೊಂದ ರಾಜನ ಮೇಲೆ ನಾಗವಲ್ಲಿಗೆ ಸೇಡು. ಆದರೆ ಇಲ್ಲಿ ದೆವ್ವವೇ ಇಲ್ಲ. ತಾನೇ ನಾಗವಲ್ಲಿ ಎಂದುಕೊಂಡ ಗೃಹಿಣಿ ಗಂಗಾಳ ಮನಸ್ಸಿನ ಕಾಯಿಲೆ ಅದು. ಸೌಂದರ್ಯಾ ಮಾಡಿದ ಆ ಪಾತ್ರ ಕಂಡು ಜನ ಹೆದರಿದರು, ಮರುಗಿದರು ಕೂಡ. ಕಾಯಿಲೆ ಕಂಡುಹಿಡಿದವನು ವಿಷ್ಣುವರ್ಧನ್ ಪಾತ್ರದ ಮನೋವೈದ್ಯ.

2016ರಲ್ಲಿ ಬಂದದ್ದು 'ಯು ಟರ್ನ್'. ಜನರಿಂದಲೇ ದುಡ್ಡು ಕೂಡಿಸಿ 'ಲೂಸಿಯಾ' ಮಾಡಿದ್ದ ಪವನ್ ಕುಮಾರ್ ನಿರ್ದೇಶನ. ಸಣ್ಣ ಬಜೆಟ್, ದೊಡ್ಡ ಹೀರೋ ಇಲ್ಲ. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಡಿವೈಡರ್ ಕಲ್ಲು ಸರಿಸಿ ಗಾಡಿ ತಿರುಗಿಸಿದವರು ಒಬ್ಬೊಬ್ಬರಾಗಿ ಸಾಯುತ್ತಾರೆ. ಸೇಡಿನ ಹಿಂದೆ ಇರುವವಳು ಅಪಘಾತದಲ್ಲಿ ಸತ್ತ ತಾಯಿ ಮಾಯಾ. ಕೇಸಿನ ಬೆನ್ನು ಹತ್ತುವವಳು ರಚನಾ, ನಮ್ಮಂತೆಯೇ ಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿರುವ ಹುಡುಗಿ. ಶ್ರದ್ಧಾ ಶ್ರೀನಾಥ್ ಮಾಡಿದ ಪಾತ್ರ. ಈ ಸಲ ನೋಡುವವರಿಗೆ ದೆವ್ವದ ಸಿಟ್ಟೇ ನ್ಯಾಯ ಅನ್ನಿಸಿತು.

37 ವರ್ಷದಲ್ಲಿ ಬದಲಾದದ್ದು ಇಷ್ಟು. ಸೇಡಿನ ಹೆಣ್ಣಿನ ಮುಂದೆ ಮೊದಲು ಗುರು ನಿಂತ, ಆಮೇಲೆ ಡಾಕ್ಟರ್, ಕೊನೆಗೆ ವರದಿಗಾರ್ತಿ. ಬದಲಾಗದೆ ಉಳಿದದ್ದೂ ಒಂದಿದೆ. ಮೂರೂ ಕತೆಗಳಲ್ಲಿ ಸೇಡು ಸತ್ತವಳ ಹೆಸರಿನಲ್ಲೇ ನಡೆಯಿತು. ಬದುಕಿದ್ದಾಗ ಅವಳ ಮಾತಿಗೆ ಬೆಲೆ ಇರಲಿಲ್ಲ.

ವರದಿಗಾರಿಕೆ ಕಲಿತು ಊರಿಗೆ ಮರಳಿದ ನಮಗೆ ಇದು ಚುಚ್ಚುತ್ತದೆ. ಬಾವಿಗೆ ಬಿದ್ದ ಹೆಣ್ಣಿನ ಸುದ್ದಿ ಬರೆಯಲು ನಾವು ಓಡುತ್ತೇವೆ. ಅದಕ್ಕೂ ಮೊದಲು ಅವಳು ಯಾರ ಮುಂದೆ ಏನು ಹೇಳಿಕೊಂಡಿದ್ದಳು ಅಂತ ಕೇಳಿದ್ದು ಕಡಿಮೆ.

ನಿಮ್ಮ ಓಣಿಯಲ್ಲಿ ಯಾವ ಅಕ್ಕನಿಗಾದರೂ 'ಗಾಳಿ' ಎಂದರೆ ಗುಡಿಗೆ ಹೋಗುವುದು ನಿಮ್ಮ ನಂಬಿಕೆ. ಹೋಗುವ ಮೊದಲು ಪಕ್ಕ ಕೂತು ಏನಾಯಿತು ಎಂದು ಕೇಳಿ. ಮನಸ್ಸಿನ ಕಾಯಿಲೆಯಾದರೆ ಸರ್ಕಾರಿ ಆಸ್ಪತ್ರೆಗೆ ತೋರಿಸಿ. ಹೊಡೆತ ಬಡಿತವಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.