ನವಜಾತ ಶಿಶುವಿನ ಮೂತ್ರಕೋಶದಲ್ಲಿರುವ ಮೂತ್ರದ ಪ್ರಮಾಣದ ಅಳತೆ: ಸಾರ್ವಜನಿಕರಿಗೆ ಮಾಹಿತಿ

ಆರೋಗ್ಯವಂತ ಶಿಶುಗಳಲ್ಲಿ ಹೆಚ್ಚಿನವು ಜನನದ ನಂತರ 24 ಗಂಟೆಗಳೊಳಗೆ, ಬಹುತೇಕ ಎಲ್ಲವೂ 48 ಗಂಟೆಗಳೊಳಗೆ ಮೊದಲ ಬಾರಿ ಮೂತ್ರ ವಿಸರ್ಜಿಸುತ್ತವೆ. ಆದರೆ ಬೆನ್ನುಹುರಿಯ ಜನ್ಮದೋಷವುಳ್ಳ, ಹೆರಿಗೆಯ ವೇಳೆ ಉಸಿರುಕಟ್ಟಿದ, ಮೂತ್ರನಾಳದಲ್ಲಿ ಹುಟ್ಟಿನಿಂದಲೇ ಅಡಚಣೆಯಿರುವ ಅಥವಾ ಮಾರ್ಫಿನ್‌ನಂತಹ ಔಷಧ ಪಡೆಯುತ್ತಿರುವ ಶಿಶುಗಳ ವಿಷಯದಲ್ಲಿ ಬಟ್ಟೆ ಒದ್ದೆಯಾಗಿದೆಯೇ ಎಂದು ನೋಡಿದರಷ್ಟೇ ಸಾಲದು.

ಬಟ್ಟೆ ಒದ್ದೆಯಾಗದಿದ್ದಲ್ಲಿ ಮೂತ್ರಪಿಂಡಗಳು ಮೂತ್ರ ಉತ್ಪಾದಿಸದೆ ಇರಬಹುದು. ಇಲ್ಲವೇ ಉತ್ಪತ್ತಿಯಾದ ಮೂತ್ರವು ಮೂತ್ರಕೋಶದಲ್ಲಿಯೇ ಉಳಿದಿರಬಹುದು. ಇವೆರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಒದ್ದೆ ಬಟ್ಟೆಯನ್ನೂ ಪೂರ್ಣವಾಗಿ ನಂಬುವಂತಿಲ್ಲ. ತುಂಬಿದ ಮೂತ್ರಕೋಶದಿಂದ ಮೂತ್ರವು ತೊಟ್ಟುತೊಟ್ಟಾಗಿ ಸೋರುತ್ತಿದ್ದು, ಒಳಗಿನ ಒತ್ತಡದಿಂದ ಮೂತ್ರಪಿಂಡಗಳಿಗೆ ಹಾನಿಯಾಗುತ್ತಿರುವ ಸಂಭವವೂ ಉಂಟು.

ವಿಸರ್ಜಿತ ಮೂತ್ರವನ್ನು ಡಯಾಪರ್ ತೂಗಿ ಲೆಕ್ಕ ಹಾಕಲಾಗುತ್ತದೆ; ಹೆಚ್ಚಿದ ಪ್ರತಿ 1 ಗ್ರಾಂ ತೂಕವನ್ನು 1 ಮಿ.ಲೀ. ಎಂದು ಪರಿಗಣಿಸಲಾಗುವುದು. ಮೊದಲ ದಿನದ ನಂತರ ಪ್ರತಿ ಕಿಲೋಗ್ರಾಂ ತೂಕಕ್ಕೆ ಗಂಟೆಗೆ 1 ಮಿ.ಲೀ.ಗಿಂತ ಕಡಿಮೆಯಾದಲ್ಲಿ ವೈದ್ಯರು ಕಾರಣ ಪರಿಶೀಲಿಸುತ್ತಾರೆ. 3 ಕಿ.ಗ್ರಾಂ. ತೂಕದ ಶಿಶುವಿಗೆ ಇದು ದಿನಕ್ಕೆ 72 ಮಿ.ಲೀ.

ಒಳಗೆ ಉಳಿದ ಮೂತ್ರವನ್ನು ಅಲ್ಟ್ರಾಸೌಂಡ್ ಯಂತ್ರದಿಂದ ಅಳೆಯಲಾಗುತ್ತದೆ. ಮೂತ್ರಕೋಶದ ಉದ್ದ, ಅಗಲ ಮತ್ತು ಆಳವನ್ನು ಸೆಂಟಿಮೀಟರುಗಳಲ್ಲಿ ಗುಣಿಸಿ, ಬಂದ ಮೊತ್ತವನ್ನು 0.52ರಿಂದ ಗುಣಿಸಿದರೆ ಅಂದಾಜು ಮಿ.ಲೀ. ದೊರೆಯುತ್ತದೆ. ಉದಾಹರಣೆಗೆ 4, 3 ಮತ್ತು 3 ಸೆಂ.ಮೀ. ಅಳತೆಗೆ ಸುಮಾರು 19 ಮಿ.ಲೀ.; ಮೂತ್ರ ವಿಸರ್ಜನೆಯಾದ ಕೂಡಲೇ ಇಷ್ಟು ಉಳಿದಿದ್ದರೆ ಅಷ್ಟು ಚಿಕ್ಕ ಶಿಶುವಿಗೆ ಅದು ಅಲ್ಪವಲ್ಲ. ಈ ಪರೀಕ್ಷೆಯಲ್ಲಿ ಸೂಜಿಯಾಗಲಿ ವಿಕಿರಣವಾಗಲಿ ಇಲ್ಲ. ಶಿಶುವನ್ನು ಹಾಸಿಗೆಯಿಂದ ಕದಲಿಸಬೇಕಾಗಿಯೂ ಇಲ್ಲ. ಪ್ರಮಾಣವನ್ನು ತಾನಾಗಿಯೇ ತೋರಿಸುವ ಸಣ್ಣ ಯಂತ್ರಗಳು ಹೊಟ್ಟೆಯಲ್ಲಿ ಸೇರಿದ ನೀರನ್ನೂ ಮೂತ್ರವೆಂದು ಎಣಿಸಬಹುದಾದ್ದರಿಂದ, ತಜ್ಞರು ಚಿತ್ರ ನೋಡಿ ಅಳೆಯುವುದೇ ಹೆಚ್ಚು ವಿಶ್ವಾಸಾರ್ಹ. ನವಜಾತ ಶಿಶುಗಳು ಪ್ರತಿ ಬಾರಿಯೂ ಮೂತ್ರಕೋಶವನ್ನು ಪೂರ್ತಿ ಬರಿದು ಮಾಡುವುದಿಲ್ಲವಾದ ಕಾರಣ ಅಳತೆಯನ್ನು ಪುನರಾವರ್ತಿಸಲಾಗುವುದು. ಇದನ್ನು ಪೋಷಕರು ಅನುಮಾನದಿಂದ ನೋಡಬೇಕಾಗಿಲ್ಲ.

ನಳಿಕೆ ಹಾಕಿ ಮೂತ್ರ ತೆಗೆಯುವುದು ನಿಖರವಾದರೂ, ಸೋಂಕಿನ ಅಪಾಯವಿರುವುದರಿಂದ ಅಗತ್ಯವಿದ್ದಲ್ಲಿ ಮಾತ್ರ ಅನುಸರಿಸಲಾಗುತ್ತದೆ.

2011ರಲ್ಲಿ ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದನ್ವಯ ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಅಸ್ವಸ್ಥ ನವಜಾತ ಶಿಶುಗಳ ಪರೀಕ್ಷೆ, ಔಷಧ ಮತ್ತು ಸಾಗಾಟ ಉಚಿತ. ಪೋಷಕರು ತಾಯಿ ಕಾರ್ಡ್ ಹಾಗೂ ಹಿಂದಿನ ಆಸ್ಪತ್ರೆಯ ಬಿಡುಗಡೆ ಪತ್ರವನ್ನು ಜೊತೆಗೆ ತರತಕ್ಕದ್ದು. ಪತ್ರಗಳಿಲ್ಲವೆಂದು ಶಿಶುವನ್ನು ಕರೆತರಲು ತಡಮಾಡಬಾರದು. ಮನೆಗೆ ತೆರಳಿದ ನಂತರ ಕೆಳಹೊಟ್ಟೆ ಉಬ್ಬುವಿಕೆ, ಮೂತ್ರದ ಧಾರೆ ಕ್ಷೀಣಿಸುವಿಕೆ, ಜ್ವರ ಅಥವಾ ಹಾಲು ಕುಡಿಯದಿರುವುದು ಕಂಡುಬಂದಲ್ಲಿ ಕೂಡಲೇ ಸಮೀಪದ ಆಸ್ಪತ್ರೆಗೆ ಕರೆತರುವುದು. ವಾಹನಕ್ಕಾಗಿ 108ಕ್ಕೆ ಕರೆ ಮಾಡಬಹುದು.